ಧಾರವಾಡದ ಕಿವಿಗೆ ಸ್ಪ್ಯಾನಿಷ್ ಭವಿಷ್ಯತ್ಕಾಲ

(ಧಾರವಾಡದಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಒತ್ತು ಬೀಳುವ ಸ್ವರವನ್ನು ದೀರ್ಘ ಮಾಡಿ ಬರೆದಿದೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಒತ್ತಿನ ಭೇದ ಮಾತ್ರ ಇದೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ನೋಡಲಿಕ್ಕೆ ಸಣ್ಣದು. ಸ್ಪ್ಯಾನಿಷ್ ಭಾಷೆಯ ತೆನೇರ್, ಅಂದರೆ 'ಹೊಂದಿರು', ಅನ್ನುವ ಒಂದು ಕ್ರಿಯಾಪದ, ಮತ್ತು ಅದರ ಭವಿಷ್ಯತ್ಕಾಲ. ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ತಾಯ್ನುಡಿ, 20 ದೇಶಗಳ ಅಧಿಕೃತ ಭಾಷೆ. ಈ ಜನರಲ್ಲಿ ಯಾರೂ ತೆನೇರ್ ಇಲ್ಲದೆ ಒಂದು ತಾಸು ಮಾತಾಡಲಾರರು. ಕಿಸೆಯಲ್ಲಿ ರೊಕ್ಕ ಇರುವುದು, ಮನೆಯಲ್ಲಿ ಮಕ್ಕಳಿರುವುದು, ಹೊಟ್ಟೆ ಹಸಿಯುವುದು, ಜ್ವರ ಬಂದಿರುವುದು, ನಿದ್ದೆ ಬರುತ್ತಿರುವುದು, ಅವಸರ ಇರುವುದು, ಹೆದರಿಕೆ ಆಗುವುದು, ಇಷ್ಟು ವರ್ಷ ತುಂಬಿರುವುದು, ಹೋಗಲೇಬೇಕಾಗಿರುವುದು, ಎಲ್ಲವನ್ನೂ ಅವರು ಇದೊಂದರಿಂದಲೇ ಹೇಳುತ್ತಾರೆ.

ಕಲಿಯುವ ಪುಸ್ತಕಗಳಲ್ಲಿ ಇದರ ಭವಿಷ್ಯತ್ ರೂಪಗಳನ್ನು 'ಅನಿಯಮಿತ' ಎಂಬ ತಲೆಬರಹದ ಕೆಳಗೆ ಬೇರೆ ಪೆಟ್ಟಿಗೆಯಲ್ಲಿ ಕೊಟ್ಟಿರುತ್ತಾರೆ. ತೆಂದ್ರೇ, ತೆಂದ್ರಾಸ್, ತೆಂದ್ರಾ, ತೆಂದ್ರೇಮೊಸ್, ತೆಂದ್ರೇಯ್ಸ್, ತೆಂದ್ರಾನ್. ತೆನೇರ್ ಅಂದರೆ ತೆನೆರೇ ಆಗಬೇಕಿತ್ತು, ಆದರೆ ಎ ಬಿದ್ದು ಹೋಗಿದೆ, ಎಲ್ಲಿಂದಲೋ ಒಂದು ದ ಬಂದು ಕೂತಿದೆ. ಉರು ಹೊಡೆಯಿರಿ ಅಂತ ಹೇಳಿ ಪುಸ್ತಕ ಮುಂದಿನ ಪಾಠಕ್ಕೆ ಹೋಗುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟು: ಆ ಎ ಬಿದ್ದದ್ದಕ್ಕೂ ಆ ದ ಬಂದದ್ದಕ್ಕೂ ಕಾರಣಗಳಿವೆ. ಆ ಕಾರಣಗಳನ್ನು ಧಾರವಾಡ ಹುಬ್ಬಳ್ಳಿ ಕಡೆಯ ಕನ್ನಡ ಆಡುವವರು ದಿನಾ ಬಾಯಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ. ಅದಕ್ಕೇ ಈ ಪಾಠ ನಮ್ಮ ಊರಿನವರಿಗೆ ಬೇರೆಯವರಿಗಿಂತ ಸುಲಭ ಆಗಬೇಕು.

ಮೊದಲು ನೆಟ್ಟಗಿರುವ ಒಂದು ಕ್ರಿಯಾಪದ ನೋಡೋಣ. ತಿಂಗಳ ಸಂಬಳಕ್ಕೆ ನಾವು ಪಗಾರ ಅನ್ನುತ್ತೇವಲ್ಲ, ಅದು ಪೋರ್ಚುಗೀಸರ ಮಾತು. ಚಾವಿ, ಬಟಾಟಿಗಳ ಹಾಗೆ ಪಶ್ಚಿಮ ಕರಾವಳಿಯಲ್ಲಿ ಇಳಿದು ಘಟ್ಟ ಹತ್ತಿ ಬಂದದ್ದು. ಪೋರ್ಚುಗೀಸ್‌ನಲ್ಲೂ ಸ್ಪ್ಯಾನಿಷ್‌ನಲ್ಲೂ ಪಗಾರ್ ಅಂದರೆ ಹಣ ಕೊಡು, ಸಲ್ಲಿಸು. ಇದರ ಸ್ಪ್ಯಾನಿಷ್ ಭವಿಷ್ಯತ್ತು ಪಗರೇ, ಪಗರಾಸ್, ಪಗರಾ, ಪಗರೇಮೊಸ್, ಪಗರೇಯ್ಸ್, ಪಗರಾನ್. 'ಕೊಡುತ್ತೇನೆ' ಅನ್ನುವ ಆ ಪಗರೇ ಸ್ಪ್ಯಾನಿಷ್ ಬ್ಯಾಂಕುಗಳಲ್ಲಿ ಒಂದು ಕಾಗದದ ಹೆಸರೂ ಹೌದು. ಇಂಥ ದಿನ ಇಷ್ಟು ಹಣ ಕೊಡುತ್ತೇನೆ ಅಂತ ಬರೆದು ಸಹಿ ಹಾಕಿದ ವಚನಪತ್ರಕ್ಕೆ ಅವರು ಪಗರೇ ಅಂತಲೇ ಕರೆಯುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಪಗಾರ್ ಎಂಬ ಮೂಲ ರೂಪ ಹಾಗೇ ಇದೆ, ಅದರ ಬಾಲಕ್ಕೆ ಏ, ಆಸ್, ಆ, ಏಮೊಸ್, ಏಯ್ಸ್, ಆನ್ ಅಂಟಿವೆ. ಸ್ಪ್ಯಾನಿಷ್‌ನ ಬೇರೆ ಬಹುತೇಕ ಕಾಲಗಳಲ್ಲಿ ಪಗಾರ್‌ನ ಆರ್ ಕತ್ತರಿಸಿ ಉಳಿದ ಧಾತುವಿಗೆ ಪ್ರತ್ಯಯ ಹಚ್ಚುತ್ತಾರೆ. ಭವಿಷ್ಯತ್ತಿನಲ್ಲಿ ಇಡೀ ಪದಕ್ಕೇ ಹಚ್ಚುವುದು ಯಾಕೆ? ಯಾಕೆಂದರೆ ಅವು ಪ್ರತ್ಯಯಗಳಾಗಿ ಹುಟ್ಟಲಿಲ್ಲ, ಒಂದು ಕಾಲಕ್ಕೆ ಸ್ವತಂತ್ರ ಕ್ರಿಯಾಪದವೇ ಆಗಿದ್ದವು. ಅಬೇರ್ ಎಂಬ ಸಹಾಯಕ ಕ್ರಿಯಾಪದದ ವರ್ತಮಾನ ರೂಪಗಳನ್ನು ಸಾಲಾಗಿ ಹೇಳಿ: ಏ, ಆಸ್, ಆ, ಏಮೊಸ್, ಅಬೇಯ್ಸ್, ಆನ್. ಒಂದು ಕಡೆ ಮಾತ್ರ ಅಬ್ ಉದುರಿದೆ, ಉಳಿದವೆಲ್ಲ ಇದ್ದ ಹಾಗೇ ಇವೆ. ಪಗಾರ್ ಏ ಅಂದರೆ 'ನನಗೆ ಕೊಡುವುದಿದೆ'. ಎರಡು ಪದ ಕೂಡಿ ಒಂದಾಗಿ ಪಗರೇ ಆಯಿತು.

ಈಗ ನಮ್ಮ ಮಾತಿಗೆ ಬನ್ನಿ. 'ಮಾಡಲಿಕ್ಕೆ ಹತ್ತೇನಿ' ಅನ್ನುವುದು ಎರಡು ಪದ. ಹತ್ತು ಎಂಬುದು ಸ್ವತಂತ್ರ ಕ್ರಿಯಾಪದ. ಗುಡ್ಡ ಹತ್ತುತ್ತೇವೆ, ಬಸ್ಸು ಹತ್ತುತ್ತೇವೆ, ಒಲಿಗೆ ಬೆಂಕಿ ಹತ್ತುತ್ತದೆ. ಅದೇ ಹತ್ತು ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬಿದ್ದು 'ಮಾಡಾಕ ಹತ್ತೇನಿ' ಆಗಿ, ಕೊನೆಗೆ 'ಮಾಡಾಕತ್ತೇನಿ' ಆಗಿದೆ. ಮಾಡಾಕತ್ತೀ, ಮಾಡಾಕತ್ತಾನ, ಮಾಡಾಕತ್ತಾಳ, ಮಾಡಾಕತ್ತೇವಿ, ಮಾಡಾಕತ್ತೀರಿ, ಮಾಡಾಕತ್ತಾರ. ಇವತ್ತು ಧಾರವಾಡದ ಮಗು ಇದನ್ನು ಆಡುವಾಗ ಅದರೊಳಗೆ ಏರುವ ಹತ್ತು ಇದೆ ಅಂತ ಎಣಿಸುವುದಿಲ್ಲ. ಅದಕ್ಕೆ ಇದು ಈಗ ನಡೆಯುತ್ತಿರುವ ಕೆಲಸವನ್ನು ಹೇಳುವ ರೂಪ, ಅಷ್ಟೇ. ಹ ಬಿದ್ದು ಹೋಗಿದೆ, ಲಿಕ್ಕೆ ಸವೆದು ಆಕ ಆಗಿದೆ. ಲ್ಯಾಟಿನ್ನಿನಿಂದ ಸ್ಪ್ಯಾನಿಷ್ ಹುಟ್ಟುವಾಗ ಭವಿಷ್ಯತ್ತಿಗೆ ಆದದ್ದು ಇದೇ ಕೆಲಸ. ಮೂಲ ರೂಪ, ಅದರ ಹಿಂದೆ ಸಹಾಯಕ್ಕೆ ನಿಂತ ಇನ್ನೊಂದು ಕ್ರಿಯಾಪದ, ಆಮೇಲೆ ಎರಡರ ಬೆಸುಗೆ.

ಬೆಸುಗೆ ಎಷ್ಟು ಗಟ್ಟಿ ಅಂತ ನೋಡಲು ನಡುವೆ ಏನಾದರೂ ತೂರಿಸಿ ನೋಡಬೇಕು. ನಮ್ಮಲ್ಲಿ 'ನಗಾಕೂ ಹತ್ತಾನ, ಅಳಾಕೂ ಹತ್ತಾನ' ಅಂದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ, ಹ ಮತ್ತೆ ಕಾಣಿಸುತ್ತದೆ. ಹಳೆಯ ಸ್ಪ್ಯಾನಿಷ್‌ನಲ್ಲೂ ಹೀಗೇ ಇತ್ತು. 'ನಿನಗೆ ಕೊಡುತ್ತೇನೆ' ಅನ್ನಲು ದಾರ್ ತೆ ಏ ಅನ್ನುತ್ತಿದ್ದರು, 'ನಿನಗೆ' ಎಂಬುದು ನಡುವೆ ಕೂರುತ್ತಿತ್ತು. ಇವತ್ತಿನ ಸ್ಪ್ಯಾನಿಷ್‌ನಲ್ಲಿ ಅದು ಸಾಧ್ಯವಿಲ್ಲ, ತೆ ದರೇ ಅನ್ನಬೇಕು. ಪಕ್ಕದ ಪೋರ್ಚುಗೀಸ್‌ನಲ್ಲಿ ಗಂಭೀರವಾಗಿ ಬರೆಯುವಾಗ ಈಗಲೂ ನಡುವೆ ಸೇರಿಸುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಮಾಡಾಕತ್ತೇನಿ ಇರುವುದು ಹಳೆಯ ಸ್ಪ್ಯಾನಿಷ್ ಇದ್ದ ಜಾಗದಲ್ಲಿ. ಸ್ಪ್ಯಾನಿಷ್‌ನವರು ಪುಸ್ತಕದಲ್ಲಿ ಮಾತ್ರ ನೋಡಬಹುದಾದ ಹಂತವನ್ನು ನಾವು ದಿನಾ ಕೇಳುತ್ತಿದ್ದೇವೆ.

ಲ್ಯಾಟಿನ್ನಿಗೆ ಭವಿಷ್ಯತ್ತು ಇರಲಿಲ್ಲವೆ ಅಂತ ನೀವು ಕೇಳಬಹುದು. ಇತ್ತು. ಕಂತಾಬಿತ್ ಅಂದರೆ 'ಹಾಡುವನು', ಕಂತಾವಿತ್ ಅಂದರೆ 'ಹಾಡಿದನು'. ಜನರ ಬಾಯಲ್ಲಿ ಬ ಮತ್ತು ವ ಒಂದರೊಳಗೊಂದು ಬೆರೆಯತೊಡಗಿದಾಗ ನಾಳೆ ಹಾಡುವವನೂ ನಿನ್ನೆ ಹಾಡಿದವನೂ ಒಂದೇ ಆಗಿಬಿಟ್ಟರು. ಆಗ ಜನ ಸುತ್ತು ದಾರಿ ಹಿಡಿದರು. ಹಳೆಯ ರೂಪ ಬಿಡಲು ಇದೊಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಕೂಡು ರೂಪ ಬರಹದಲ್ಲಿ ಮೊದಲು ಕಾಣುವುದು ಏಳನೆಯ ಶತಮಾನದಲ್ಲಿ, ಫ್ರೆಡೆಗಾರ್ ಎಂಬ ಹೆಸರಿನಲ್ಲಿ ಉಳಿದುಬಂದಿರುವ ಲ್ಯಾಟಿನ್ ವೃತ್ತಾಂತದಲ್ಲಿ. ಚಕ್ರವರ್ತಿ ಜಸ್ಟಿನಿಯನ್ ಸೋತ ಪರ್ಷಿಯಾದ ದೊರೆಯನ್ನು ಪ್ರಾಂತ್ಯಗಳನ್ನು ಮರಳಿಸು ಅಂತ ಕೇಳುತ್ತಾನೆ. ದೊರೆ 'ನೋನ್ ದಾಬೊ', ಕೊಡಲಾರೆ, ಅನ್ನುತ್ತಾನೆ. ಚಕ್ರವರ್ತಿ 'ದರಾಸ್', ಕೊಡುತ್ತೀ, ಅನ್ನುತ್ತಾನೆ. ದಾರಾ ಎಂಬ ಊರಿಗೆ ಆ ಹೆಸರು ಬಂದದ್ದೇ ಹೀಗೆ ಅಂತ ವೃತ್ತಾಂತ ಹೇಳುತ್ತದೆ. ಅದು ಕಟ್ಟುಕತೆ. ಆದರೆ ಭಾಷೆಯ ಚರಿತ್ರೆಗೆ ಅದು ಚಿನ್ನ. ದೊರೆಯ ಬಾಯಲ್ಲಿ ಹಳೆಯ ಭವಿಷ್ಯತ್ತು ದಾಬೊ, ಚಕ್ರವರ್ತಿಯ ಬಾಯಲ್ಲಿ ಹೊಸದು ದರಾಸ್. ಒಂದೇ ಜಗಳದಲ್ಲಿ ಎರಡು ಕಾಲದ ಎರಡು ರೂಪಗಳು ಎದುರುಬದುರು ನಿಂತಿವೆ. ಆ ದರಾಸ್ ಇವತ್ತಿಗೂ ಮಾದ್ರಿದ್‌ನಲ್ಲೂ ಲೀಮಾದಲ್ಲೂ ಅಕ್ಷರ ಬದಲಾಗದೆ ಬಳಕೆಯಲ್ಲಿದೆ. 1492ರಲ್ಲಿ ಆಂತೋನಿಯೊ ದೆ ನೆಬ್ರಿಹಾ ಸ್ಪ್ಯಾನಿಷ್‌ಗೆ ಮೊದಲ ವ್ಯಾಕರಣ ಬರೆದಾಗ, ಈ ಭಾಷೆಯ ಭವಿಷ್ಯತ್ತು ಮೂಲ ರೂಪ ಮತ್ತು ಅಬೇರ್ ಸೇರಿ ಆದದ್ದು ಅಂತ ಗುರುತಿಸಿದ್ದ. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ದ, ದಪ, ವ ಎಂದು ಮೂರು ಕಾಲಕ್ಕೆ ಮೂರು ಪ್ರತ್ಯಯ ಬಿಡಿಸಿಟ್ಟದ್ದೂ ಇದೇ ಬಗೆಯ ಕಣ್ಣಿನಿಂದ.

ಇನ್ನು ತೆಂದ್ರೇ. ತೆನೇರ್ ಮತ್ತು ಏ ಕೂಡಿದಾಗ ಒತ್ತು ಕೊನೆಗೆ ಜಾರಿತು. ನಡುವಿನ ಎ ಒತ್ತಿಲ್ಲದೆ ಉಳಿಯಿತು. ದಿನಕ್ಕೆ ನೂರು ಸಲ ಬರುವ ಮಾತಿನಲ್ಲಿ ಒತ್ತಿಲ್ಲದ ಸ್ವರ ಬಹಳ ಕಾಲ ಬಾಳುವುದಿಲ್ಲ. ಹೊಸ್ತಿಲು ಸವೆಯುವುದು ಜನ ಓಡಾಡುವ ಕಡೆಗೇ. ಎ ಬಿದ್ದಾಗ ತೆನ್ರೇ ಆಯಿತು. ಇಲ್ಲಿ ದಯವಿಟ್ಟು ನನ್ನ ಜೊತೆ ತೆನ್ರೇ ಅಂತ ನಿಧಾನವಾಗಿ ಹೇಳಿ ನೋಡಿ. ನ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ಅಂಟಿಕೊಂಡಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತಿರುತ್ತದೆ. ರ ಹೇಳಲು ಎರಡು ಕೆಲಸ ಆಗಬೇಕು. ಮೂಗಿನ ದಾರಿ ಮುಚ್ಚಬೇಕು, ನಾಲಿಗೆ ಬಿಡಬೇಕು. ಮೂಗಿನ ದಾರಿ ಒಂದು ಕ್ಷಣ ಮೊದಲೇ ಮುಚ್ಚಿದರೆ, ನಾಲಿಗೆ ಇನ್ನೂ ಅಂಟಿಕೊಂಡೇ ಇರುವ ಆ ಸಂದಿಯಲ್ಲಿ ದ ತಾನಾಗಿ ಹುಟ್ಟುತ್ತದೆ. ಯಾರೂ ತಂದು ಸೇರಿಸಿದ್ದಲ್ಲ. ಬೇಗ ಬೇಗ ಹೇಳಿದಷ್ಟೂ ಅದು ಸ್ಪಷ್ಟವಾಗುತ್ತದೆ.

ನಾಲಿಗೆಯ ಬದಲು ತುಟಿ ಮುಚ್ಚಿದ್ದರೆ, ಅಂದರೆ ನ ಬದಲು ಮ ಇದ್ದರೆ, ಆ ಸಂದಿಯಲ್ಲಿ ಹುಟ್ಟುವುದು ಬ. ಇದನ್ನು ನಮ್ಮ ಕಡೆ ಎಲ್ಲರೂ ಕೇಳಿದ್ದೀರಿ. ಬರೆಯುವುದು ತಾಮ್ರ, ಆಡುವುದು ತಾಂಬ್ರ. ತಾಂಬ್ರದ ಹಂಡೆ, ತಾಂಬ್ರದ ಕೊಡ. ಆಮ್ರ ಮರಾಠಿಯಲ್ಲಿ ಆಂಬಾ ಆದದ್ದೂ ಇದೇ ದಾರಿಯಲ್ಲಿ. ಸ್ಪ್ಯಾನಿಷ್‌ನಲ್ಲಿ ಮನುಷ್ಯನಿಗೆ ಓಂಬ್ರೆ, ಹಸಿವಿಗೆ ಆಂಬ್ರೆ ಅನ್ನುತ್ತಾರೆ. ಎರಡರ ಲ್ಯಾಟಿನ್ ಮೂಲದಲ್ಲಿ ಬ ಇರಲೇ ಇಲ್ಲ. ತಿನ್ನುವುದಕ್ಕೆ ಕೊಮೇರ್. ಅದರ ಭವಿಷ್ಯತ್ತನ್ನು ಹಳೆಯ ಸ್ಪ್ಯಾನಿಷ್‌ನಲ್ಲಿ ಕೊಂಬ್ರೇ ಅಂತ ಹೇಳುತ್ತಿದ್ದರು. ಮುಂದೆ ಜನ ಅದನ್ನು ಬಿಟ್ಟು ಕೊಮೆರೇ ಎಂಬ ಪೂರ್ತಿ ರೂಪಕ್ಕೆ ಮರಳಿದರು. ತೆನೇರ್ ಹಾಗೆ ಮರಳಲಿಲ್ಲ.

ನ ಮತ್ತು ರ ಹೀಗೆ ಎದುರಾದಾಗ ಬೇರೆ ದಾರಿಗಳೂ ಇದ್ದವು. ಇಟಲಿಯವರು ನ ಕಾರವನ್ನು ರ ಕಾರದಲ್ಲಿ ಕರಗಿಸಿ ತೆರ್ರೋ ಅಂದರು. ಸ್ಪೇನಿನಲ್ಲೇ ಕೆಲವು ಕಾಲ ಎರಡನ್ನೂ ಅದಲುಬದಲು ಮಾಡಿ ತೆರ್ನೇ ಅನ್ನುತ್ತಿದ್ದರು. ಕೊನೆಗೆ ಗೆದ್ದದ್ದು ತೆಂದ್ರೇ. ತೆನೇರ್ ಹೋದ ದಾರಿಯಲ್ಲೇ ಬೆನೀರ್, ಅಂದರೆ ಬರು, ಬೆಂದ್ರೇ ಆಯಿತು. ಪೊನೇರ್, ಇಡು, ಪೊಂದ್ರೇ ಆಯಿತು. ಲ ಮುಂದೆ ರ ಬಂದರೂ ಇದೇ ದ ಹುಟ್ಟುತ್ತದೆ. ಸಲೀರ್, ಹೊರಡು, ಸಲ್ದ್ರೇ. ಬಲೇರ್, ಬೆಲೆ ಬಾಳು, ಬಲ್ದ್ರೇ. ಇನ್ನೂ ಐದರಲ್ಲಿ ಸ್ವರ ಬಿದ್ದಿದೆ, ಬೇರೇನೂ ಆಗಿಲ್ಲ. ಪೊದೇರ್ ಪೊದ್ರೇ, ಸಬೇರ್ ಸಬ್ರೇ, ಕಬೇರ್ ಕಬ್ರೇ, ಅಬೇರ್ ಅಬ್ರೇ, ಕೆರೇರ್ ಕೆರ್ರೇ. ಅಸೇರ್ ಮತ್ತು ದೆಸೀರ್, ಅಂದರೆ ಮಾಡು ಮತ್ತು ಹೇಳು, ಎಲ್ಲಕ್ಕಿಂತ ಹೆಚ್ಚು ಸವೆದು ಅರೇ, ದಿರೇ ಆಗಿ ಉಳಿದಿವೆ. 'ನೀನು ಯಾರ ಜೊತೆ ತಿರುಗುತ್ತೀ ಹೇಳು, ನೀನು ಯಾರಂತ ಹೇಳುತ್ತೇನೆ' ಎಂಬ ಅವರ ಗಾದೆಯಲ್ಲಿ ಈ ದಿರೇ ಬರುತ್ತದೆ: ದೀಮೆ ಕೊನ್ ಕ್ಯೇನ್ ಆಂದಸ್, ಇ ತೆ ದಿರೇ ಕ್ಯೇನ್ ಏರೆಸ್. ಗಾದೆಯೊಂದನ್ನು ಬಾಯಿಗೆ ಹಾಕಿಕೊಂಡರೆ ದಿರೇ ಮರೆಯುವ ಮಾತೇ ಇಲ್ಲ.

ಒಟ್ಟು ಹನ್ನೆರಡು. ಇಡೀ ಭಾಷೆಯಲ್ಲಿ ಅನಿಯಮಿತ ಭವಿಷ್ಯತ್ತಿನ ಮೂಲಗಳು ಇಷ್ಟೇ. ಉಳಿದವು ಇವುಗಳಿಂದ ಹುಟ್ಟಿದವು. ಮಂತೆನೇರ್ ಮಂತೆಂದ್ರೇ ಆಗುತ್ತದೆ, ಒಬ್ತೆನೇರ್ ಒಬ್ತೆಂದ್ರೇ. ಕೊನೆಯ ಪ್ರತ್ಯಯಗಳಂತೂ ಯಾವ ಕ್ರಿಯಾಪದದಲ್ಲೂ ಬದಲಾಗುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಬೆಂದೆಸೀರ್, ಹರಸು, ನೋಡಲಿಕ್ಕೆ ದೆಸೀರ್‌ನ ಮಗಳೇ, ಆದರೂ ಅದು ಬೆಂದೆಸಿರೇ ಅಂತ ಪೂರ್ತಿ ರೂಪದಲ್ಲೇ ಉಳಿದಿದೆ. ಮಲ್ದೆಸೀರ್, ಶಪಿಸು, ಅದೂ ಹಾಗೇ. ಹರಸುವುದೂ ಶಪಿಸುವುದೂ ಹೇಳುವಷ್ಟು ಬಾರಿ ಬಾಯಿಗೆ ಬರುವ ಮಾತುಗಳಲ್ಲ.

ಬಳಕೆ ಹೆಚ್ಚಿದ್ದಲ್ಲಿ ಸವೆತ ಹೆಚ್ಚು ಅನ್ನುವುದಾದರೆ ಸೇರ್, ಈರ್, ದಾರ್, ಬೇರ್ ಯಾಕೆ ಸವೆಯಲಿಲ್ಲ ಅಂತ ಕೇಳಬೇಕು. ಇರು, ಹೋಗು, ಕೊಡು, ನೋಡು ಎಂಬ ಇವು ಎಲ್ಲಕ್ಕಿಂತ ಹೆಚ್ಚು ಬಳಕೆಯವು. ವರ್ತಮಾನದಲ್ಲಿ ಸೇರ್ ಮತ್ತು ಈರ್ ಗುರುತು ಸಿಗದಷ್ಟು ಬದಲಾಗುತ್ತವೆ. ಭವಿಷ್ಯತ್ತಿನಲ್ಲಿ ಮಾತ್ರ ಸೆರೇ, ಇರೇ, ದರೇ, ಬೆರೇ, ಎಲ್ಲವೂ ನೆಟ್ಟಗೆ. ಕಾರಣ ಸರಳ. ಅವೆಲ್ಲ ಒಂದೇ ಅಕ್ಷರದ ಪದಗಳು, ಅವುಗಳಲ್ಲಿ ಬೀಳಿಸಲಿಕ್ಕೆ ಬೇರೆ ಸ್ವರವೇ ಇಲ್ಲ. ಇನ್ನು ಆ ಹನ್ನೆರಡರಲ್ಲಿ ಒಂದಾದರೂ ಆರ್ ಎಂದು ಕೊನೆಯಾಗುವುದಿಲ್ಲ, ಎಲ್ಲವೂ ಏರ್ ಅಥವಾ ಈರ್. ಆ ಎಂಬ ಸ್ವರ ಗಟ್ಟಿ, ಅದು ಬೀಳಲಿಲ್ಲ. ಅದಕ್ಕೇ ಪಗಾರ್ ಇವತ್ತಿಗೂ ಪಗರೇ.

ಕೆರ್ರೇ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆರೇರ್ ಅಂದರೆ ಬೇಕೆನ್ನು. ಅದರ ಕೆರೀಅ ಅಂದರೆ 'ಬೇಕಾಗಿತ್ತು', ಕೆರ್ರೀಅ ಅಂದರೆ 'ಬೇಕೆನಿಸೀತು'. ನಡುವಿನ ಭೇದ ರ ಕಾರದ ಗಟ್ಟಿತನ ಒಂದೇ. ಹಳಗನ್ನಡದಲ್ಲಿ ಮೆದು ರ ಮತ್ತು ಗಟ್ಟಿ ಱ ಬೇರೆ ಬೇರೆ ಅಕ್ಷರಗಳಾಗಿದ್ದವು. ಕ್ರಮೇಣ ಅವೆರಡೂ ಒಂದಾದವು. ಸ್ಪ್ಯಾನಿಷ್‌ನಲ್ಲಿ ಅದು ಇನ್ನೂ ಜೀವಂತ. ಕೆರ್ರೇ ಅನ್ನುವಾಗ ನಾಲಿಗೆ ನಡುಗಲಿ.

ರೂಪದ ಮಾತು ಸಾಕು, ಬಳಸುವುದು ಹೇಗೆ ನೋಡೋಣ. ನಮಗೆ ಕಷ್ಟವಾಗುವುದು ದ ಅಲ್ಲ. ಕನ್ನಡದಲ್ಲಿ ತೆನೇರ್‌ಗೆ ಸಮನಾದ ಕ್ರಿಯಾಪದ ಇಲ್ಲದಿರುವುದು ಕಷ್ಟ. 'ನಾಳೆ ನನಗ ಟೈಮ್ ಇರ್ತದ' ಅಂತೀವಿ. ಅಲ್ಲಿ ಇರುವುದು ಟೈಮ್, ನಾನು ಬರೀ 'ನನಗ'. 'ನನ್ನ ಕಡೆ ರೊಕ್ಕ ಇರ್ತದ', 'ನನಗ ಹಸಿವಿ ಆಗ್ತದ', ಎಲ್ಲ ಕಡೆಗೂ ವಸ್ತುವೇ ಮುಂದೆ, ಮನುಷ್ಯ ಹಿಂದೆ. ಕ್ರಿಯಾಪದ ಯಾವಾಗಲೂ 'ಇರ್ತದ', 'ಆಗ್ತದ'. ಯಾರಿಗೆ ಅನ್ನುವುದು ಬದಲಾದರೂ ಅದು ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಮನುಷ್ಯನೇ ಕರ್ತೃ. ಮನ್ಯಾನ ತೆಂದ್ರೇ ತ್ಯೇಂಪೊ. ನನಗಾದರೆ ತೆಂದ್ರೇ, ನಿನಗಾದರೆ ತೆಂದ್ರಾಸ್, ಅವಳಿಗಾದರೆ ತೆಂದ್ರಾ, ನಮಗಾದರೆ ತೆಂದ್ರೇಮೊಸ್. ಕನ್ನಡದಲ್ಲಿ 'ನನಗ, ನಿನಗ, ನಮಗ' ಎಂಬ ಚತುರ್ಥಿಯಲ್ಲಿ ಇರುವ ಸುದ್ದಿ ಅಲ್ಲಿ ಕ್ರಿಯಾಪದದ ಬಾಲಕ್ಕೆ ಹೋಗಿರುತ್ತದೆ. ಆದ್ದರಿಂದ ವಾಕ್ಯ ಕಟ್ಟುವ ಮೊದಲು 'ಯಾರಿಗೆ?' ಅಂತ ಕೇಳಿಕೊಳ್ಳಿ. ಅದಕ್ಕೆ ಬರುವ ಉತ್ತರವೇ ಪ್ರತ್ಯಯವನ್ನು ಹೇಳುತ್ತದೆ.

ಹಿರಿಯರ ಜೊತೆ ಮಾತಾಡುವಾಗ ಇನ್ನೊಂದು ಗಮನ ಇರಲಿ. ನಮ್ಮಲ್ಲಿ ಒಬ್ಬರೇ ಹಿರಿಯರಿದ್ದರೂ 'ನೀವು', ಹತ್ತು ಮಂದಿ ಇದ್ದರೂ 'ನೀವು'. ಸ್ಪ್ಯಾನಿಷ್‌ನಲ್ಲಿ ಒಬ್ಬರಿಗೆ ಉಸ್ತೇದ್, ಹಲವರಿಗೆ ಉಸ್ತೇದೆಸ್. ಒಬ್ಬ ಹಿರಿಯರಿಗೆ ತೆಂದ್ರಾ ಅಂತ ಏಕವಚನದ ಕ್ರಿಯಾಪದ ಬಳಸಬೇಕು, ಅದರಲ್ಲಿ ಅಗೌರವ ಏನೂ ಇಲ್ಲ. ಗೌರವವೆಲ್ಲ ಉಸ್ತೇದ್ ಎಂಬ ಪದದಲ್ಲಿದೆ. ತೆಂದ್ರೇಯ್ಸ್ ಸ್ಪೇನಿನಲ್ಲಿ ಗೆಳೆಯರ ಗುಂಪಿಗೆ ಹೇಳುವುದು. ಲ್ಯಾಟಿನ್ ಅಮೆರಿಕದಲ್ಲಿ ಗೆಳೆಯರಿಗೂ ತೆಂದ್ರಾನ್ ಸಾಕು.

ಈಗ ನನಗೆ ಬಹಳ ಪ್ರೀತಿಯ ಭಾಗಕ್ಕೆ ಬರುತ್ತೇನೆ. ತೆಂದ್ರಾ ನಾಳೆಯ ಮಾತನ್ನಷ್ಟೇ ಹೇಳುವುದಿಲ್ಲ. ಇವತ್ತಿನ, ಈ ಕ್ಷಣದ ಊಹೆಯನ್ನೂ ಹೇಳುತ್ತದೆ. ದೂರದಿಂದ ಬಂದ ಮಗನಿಗೆ ತಾಯಿ 'ತೆಂದ್ರಾಸ್ ಆಂಬ್ರೆ' ಅಂದರೆ 'ನಾಳೆ ನಿನಗೆ ಹಸಿವಾಗುತ್ತದೆ' ಅಂತ ಅಲ್ಲ. 'ಹಸಿದಿರಬೇಕು ನೀ' ಅಂತ. ಗಡಿಯಾರ ಕಾಣದ ಕಡೆ 'ಕೇ ಓರ ಸೆರಾ?' ಅಂದರೆ 'ಎಷ್ಟಾಗಿರಬೇಕು?' ಉತ್ತರ 'ಸೆರಾನ್ ಲಸ್ ದ್ಯೇಸ್', 'ಹತ್ತಾಗಿದ್ದೀತು'. ಅಪರಿಚಿತನೊಬ್ಬನ ವಯಸ್ಸು ಅಂದಾಜು ಮಾಡುವಾಗ 'ತೆಂದ್ರಾ ತ್ರೇಯ್ನ್ತ ಆನ್ಯೊಸ್', 'ಮೂವತ್ತು ವರ್ಷ ಇದ್ದಾವು'. ಅದೇ ವಾಕ್ಯದ ಕೊನೆಗೆ 'ಎನ್ ಮಾಯೊ', ಮೇ ತಿಂಗಳಲ್ಲಿ, ಅಂತ ಸೇರಿಸಿ. ಕೂಡಲೇ ಊಹೆ ಹೋಗಿ ಭವಿಷ್ಯತ್ತು ಬರುತ್ತದೆ, ಮೇ ತಿಂಗಳಿಗೆ ಮೂವತ್ತು ತುಂಬುತ್ತವೆ ಅಂತ. ರೂಪ ಒಂದೇ, ಸಂದರ್ಭ ಬೇರೆ.

ಕನ್ನಡ ಈ ವಿಷಯದಲ್ಲಿ ಶ್ರೀಮಂತ. ಊಹೆಗಾಗಿಯೇ ನಮ್ಮಲ್ಲಿ ಒಂದು ರೂಪವಿದೆ, ಶಾಲೆಯ ವ್ಯಾಕರಣ ಅದನ್ನು ಸಂಭಾವನಾರ್ಥಕ ಅನ್ನುತ್ತದೆ. ಬಂದಾನು, ಇದ್ದಾನು, ಹೋದಾರು, ಬಂದೀತು. 'ಮಳಿ ಬಂದೀತು, ಛತ್ರಿ ತೊಗೊ', 'ಹಾಲು ಉಕ್ಕೀತು, ನೋಡ್ಕೋ', 'ಅಂವ ಮನ್ಯಾಗ ಇದ್ದಾನು, ಒಂದು ಸಲ ಕೂಗಿ ನೋಡು'. ಈ ರೂಪವನ್ನು ನಮ್ಮ ಕಡೆಯ ಅಜ್ಜಿಯರು ಆಡಿದಷ್ಟು ಸಹಜವಾಗಿ ಪೇಟೆಯ ಹುಡುಗರು ಈಗ ಆಡುತ್ತಿಲ್ಲ. ಎಲ್ಲದಕ್ಕೂ 'ಇರಬಹುದು' ಅಂತ ಮುಗಿಸುತ್ತಾರೆ. ಅದು ನನಗೆ ಬೇಸರದ ಸಂಗತಿ. ಸ್ಪ್ಯಾನಿಷ್‌ನ ಊಹೆಯ ಭವಿಷ್ಯತ್ತನ್ನು ಕಲಿಯುವಾಗ 'ಇದ್ದಾನು', 'ಇದ್ದೀತು'ಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಎಸ್ತರಾ ಎನ್ ಕಾಸ, ಅಂವ ಮನ್ಯಾಗ ಇದ್ದಾನು. ಹೀಗೆ ಜೋಡಿಸಿಕೊಂಡರೆ ಸ್ಪ್ಯಾನಿಷ್ ಬರುತ್ತದೆ, ನಮ್ಮ ರೂಪವೂ ಬಾಯಲ್ಲಿ ಉಳಿಯುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. 'ಮಳಿ ಬಂದೀತು' ಅನ್ನುವುದು ಮುಂದಿನ ಕ್ಷಣದ ಅಂಜಿಕೆ. ಸ್ಪ್ಯಾನಿಷ್‌ನ ಊಹೆ ಇರುವುದು ಈಗಿನ ಸ್ಥಿತಿಯ ಬಗ್ಗೆ. ಹಾಗಾಗಿ ಅದಕ್ಕೆ ಹತ್ತಿರದವು 'ಇದ್ದಾನು', 'ಇದ್ದೀತು', 'ಇರಬೇಕು'ಗಳೇ ಹೊರತು 'ಬಂದೀತು' ಅಲ್ಲ.

ಹಾಗಾದರೆ ನಾಳೆಯ ಮಾತಿಗೆ ಸ್ಪ್ಯಾನಿಷ್ ಜನ ಏನು ಬಳಸುತ್ತಾರೆ? ಮೂರು ದಾರಿಗಳಿವೆ. ಗೊತ್ತುಪಡಿಸಿದ ಕಾರ್ಯಕ್ರಮವಾದರೆ ವರ್ತಮಾನವೇ ಸಾಕು. ಮನ್ಯಾನ ತೇಂಗೊ ಎಕ್ಸಾಮೆನ್, 'ನಾಳೆ ನನಗ ಪರೀಕ್ಷೆ ಐತಿ'. ಮನಸ್ಸಿನಲ್ಲಿ ಹಾಕಿಕೊಂಡ ಯೋಜನೆಯಾದರೆ ಬೋಯ್ ಅ ತೆನೇರ್, ಅಕ್ಷರಶಃ 'ತೆನೇರ್ ಕಡೆಗೆ ಹೊರಟಿದ್ದೇನೆ'. ನಮ್ಮ 'ಹೋಗಾಂವ ಅದೀನಿ', 'ಹೋಗಾಕಿ ಅದೀನಿ'ಗಳ ಜಾಗ ಇದು. ಆಡುಮಾತಿನಲ್ಲಿ, ವಿಶೇಷವಾಗಿ ಲ್ಯಾಟಿನ್ ಅಮೆರಿಕದಲ್ಲಿ, ಇದರದೇ ದೊಡ್ಡ ಪಾಲು. ತೆಂದ್ರೇ ಉಳಿದಿರುವುದು ಮಾತು ಕೊಡುವಾಗ, ಭವಿಷ್ಯ ನುಡಿಯುವಾಗ, ಬರವಣಿಗೆಯಲ್ಲಿ, ಊಹೆಯಲ್ಲಿ. ಆಜ್ಞೆಗೂ ಬರುತ್ತದೆ. ಬೈಬಲ್ಲಿನ 'ಕೊಲ್ಲಬಾರದು' ಎಂಬ ಆಜ್ಞೆ ಸ್ಪ್ಯಾನಿಷ್‌ನಲ್ಲಿ 'ನೋ ಮತರಾಸ್', ಭವಿಷ್ಯತ್ ರೂಪ. ನಮ್ಮ 'ಮಾಡುವೆನು', 'ಬರುವೆನು'ಗಳೂ ಹೀಗೇ ಆಡುಮಾತಿನಿಂದ ಸರಿದು ಕವಿತೆಗೂ ಆಮಂತ್ರಣ ಪತ್ರಿಕೆಗೂ ಸೇರಿವೆ. ಆದರೆ ತೆಂದ್ರೇ ಅಷ್ಟು ದೂರ ಹೋಗಿಲ್ಲ. ಅದನ್ನು ಪುಸ್ತಕದ ರೂಪ ಅಂತ ಬಿಟ್ಟುಬಿಡಬೇಡಿ.

ಬಳಸಬಾರದ ಜಾಗ ಯಾವುದು ಅಂತಲೂ ತಿಳಿದಿರಬೇಕು. 'ಟೈಮ್ ಸಿಕ್ಕರೆ ಬರ್ತೇನಿ' ಅನ್ನಲು 'ಸಿ ತೆಂದ್ರೇ ತ್ಯೇಂಪೊ' ಅನ್ನಬಾರದು. 'ಸಿ ತೇಂಗೊ ತ್ಯೇಂಪೊ, ಇರೇ' ಅನ್ನಬೇಕು. 'ಸಿಕ್ಕರೆ' ಎಂಬ ಷರತ್ತಿನ ಕಡೆ ವರ್ತಮಾನ, ಫಲದ ಕಡೆ ಭವಿಷ್ಯತ್ತು. ಇದನ್ನು ನೆನಪಿಡುವುದು ನಮಗೆ ಕಷ್ಟವಲ್ಲ. ಕನ್ನಡದಲ್ಲಿ 'ಸಿಕ್ಕರೆ', 'ಬಂದರೆ', 'ಕೊಟ್ಟರೆ' ಎಂಬವು ಭೂತಕಾಲದ ರೂಪದ ಮೇಲೆ ನಿಂತಿವೆ. ನಾಳೆಯ ಷರತ್ತನ್ನು ಹೇಳುವಾಗಲೂ ನಾವು ಅಲ್ಲಿ ಭವಿಷ್ಯತ್ತನ್ನು ಒಳಗೆ ಬಿಡುವುದಿಲ್ಲ. 'ಟೈಮ್ ಸಿಕ್ಕಾಗ ಫೋನ್ ಮಾಡ್ತೇನಿ' ಅನ್ನಲೂ ಹಾಗೇ: ಕ್ವಾಂದೊ ತೇಂಗ ತ್ಯೇಂಪೊ, ತೆ ಯಮರೇ. ಇಲ್ಲಿ ತೇಂಗ ಎಂಬುದು ಬೇರೊಂದು ರೂಪ, ಅದರ ಪಾಠ ಮುಂದೆ ಬರುತ್ತದೆ. ಇವತ್ತಿಗೆ ಅಲ್ಲಿ ತೆಂದ್ರೇ ಕೂಡದು ಅಂತ ತಿಳಿದರೆ ಸಾಕು.

ದಿನಬಳಕೆಗೆ ಬಹಳ ಬೇಕಾಗುವುದು ತೆಂದ್ರೇ ಕೆ. ಇದರ ಮುಂದೆ ಯಾವ ಕ್ರಿಯಾಪದದ ಮೂಲ ರೂಪ ಇಟ್ಟರೂ 'ಬೇಕಾಗ್ತದ' ಎಂಬ ಅರ್ಥ ಬರುತ್ತದೆ. ತೆಂದ್ರೇ ಕೆ ಈರ್, 'ನನಗ ಹೋಗಬೇಕಾಗ್ತದ'. ತೆಂದ್ರೇಮೊಸ್ ಕೆ ಎಸ್ಪೆರಾರ್, 'ನಮಗ ಕಾಯಬೇಕಾಗ್ತದ'. ಇವೆರಡನ್ನು ಕಲಿತವರು ಯಾವ ಬಸ್ ನಿಲ್ದಾಣದಲ್ಲಾದರೂ ಮಾತು ಮುಂದುವರಿಸಬಲ್ಲರು. ತೆಂದ್ರೇ ಜಾಗದಲ್ಲಿ ತೆಂದ್ರೀಅ ಇಟ್ಟರೆ 'ಹೋಗಬೇಕಾದೀತು' ಎಂಬ ಮೆತ್ತನೆಯ ಅರ್ಥ ಸಿಗುತ್ತದೆ. ಧಾತು ಅದೇ ತೆಂದ್ರ್. ಹನ್ನೆರಡೂ ಕ್ರಿಯಾಪದಗಳಲ್ಲಿ ಈ ಎರಡು ರೂಪಗಳಿಗೆ ಧಾತು ಒಂದೇ, ಆದ್ದರಿಂದ ಒಂದು ಸಲ ಕಲಿತದ್ದು ಎರಡು ಕಡೆ ದಕ್ಕುತ್ತದೆ.

ಉಪನ್ಯಾಸದ ಕೊನೆಗೆ ಒಂದು ಪ್ರಶ್ನೆ ಬಂತು. 'ನಾಳೆ ಸಭೆಗೆ ಬಹಳ ಮಂದಿ ಇರ್ತಾರ' ಅನ್ನಲು ತೆಂದ್ರಾನ್ ಬಳಸಬಹುದೇ ಅಂತ. ಬಳಸಬಾರದು. ಯಾರದೋ ಹತ್ತಿರ ಇರುವುದಕ್ಕೆ ತೆನೇರ್, ಸುಮ್ಮನೆ ಇರುವುದಕ್ಕೆ ಅಬೇರ್. ಲ್ಯಾಟಿನ್ನಿನಲ್ಲಿ ತೆನೇರೆ ಅಂದರೆ ಹಿಡಿದುಕೊಳ್ಳು, ಹಬೇರೆ ಅಂದರೆ ಹೊಂದಿರು. ಸ್ಪ್ಯಾನಿಷ್‌ನಲ್ಲಿ ಹೊಂದಿರುವ ಕೆಲಸವನ್ನು ತೆನೇರ್ ತೆಗೆದುಕೊಂಡಿತು. ಅಬೇರ್ ಸಹಾಯಕ ಕ್ರಿಯಾಪದವಾಗಿ, 'ಇದೆ' ಅನ್ನುವ ಮಾತಾಗಿ ಉಳಿಯಿತು. ತೆಂದ್ರೇ ಎಂಬ ಒಂದು ಪದದೊಳಗೆ ಇವೆರಡೂ ಇವೆ. ಮೊದಲ ಅರ್ಧ ತೆನೇರ್, ಕೊನೆಯ ಏ ಅಬೇರ್. ಸಭೆಯ ಮಾತಿಗೆ ಅಬ್ರಾ ಬೇಕು: ಅಬ್ರಾ ಮೂಚಸ್ ಪೆರ್ಸೋನಸ್. ಮಂದಿ ಎಷ್ಟೇ ಇರಲಿ, ಅಬ್ರಾ ಏಕವಚನದಲ್ಲೇ ಇರುತ್ತದೆ. ಕನ್ನಡದಲ್ಲಿ 'ಇರ್ತಾರ' ಅಂತ ಬಹುವಚನ ಮಾಡುವ ಅಭ್ಯಾಸ ಇರುವುದರಿಂದ ಅಬ್ರಾನ್ ಅಂತ ನಾಲಿಗೆ ಎಳೆಯುತ್ತದೆ. ಸ್ಪ್ಯಾನಿಷ್ ತಾಯ್ನುಡಿಯವರಲ್ಲೂ ಎಷ್ಟೋ ಮಂದಿ ಹಾಗೆ ಅನ್ನುವುದನ್ನು ಕೇಳುತ್ತೀರಿ. ಪ್ರಮಾಣಿತ ಬರಹದಲ್ಲಿ ಮಾತ್ರ ಅಬ್ರಾ ಅಂತಲೇ ಬರೆಯಿರಿ.